ಜೋಳದ ಚೀಲ, ಹಗ್ಗ, ಬೋಲ್ಟು: ಹಕ್ಕಿ ಫೋಟೋಕ್ಕೆ ಅಗ್ಗದ ಆಧಾರ

ತುಂಗಭದ್ರಾ ಹಿನ್ನೀರಿನ ಕೆಸರಲ್ಲಾಗಲಿ ದರೋಜಿ ಕಡೆಯ ಬಂಡೆಗಳಲ್ಲಾಗಲಿ ಭಾರದ ಟ್ರೈಪಾಡ್ ಹೊತ್ತು ತಿರುಗುವುದು ಕಷ್ಟ. ಕಾಲು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. 300 ಎಂಎಂ ಆಸುಪಾಸಿನ ಲೆನ್ಸಿಗೆ ಮನೆಯಲ್ಲೇ ಹೊಲಿದ ಕಾಳಿನ ಚೀಲದಷ್ಟು ಒದಗುವುದು ಬೇರೊಂದಿಲ್ಲ.

ಹಳೇ ಜೀನ್ಸ್ ಪ್ಯಾಂಟಿನ ಕಾಲನ್ನು 35 ಸೆಂ.ಮೀ. ಉದ್ದ ಕತ್ತರಿಸಿ, ಒಂದು ತುದಿಗೆ ಎರಡು ಸಾಲು ಹೊಲಿಗೆ, ಇನ್ನೊಂದಕ್ಕೆ ಜಿಪ್ ಹಾಕಿಸಿ. ಕಾಳು ಒಳಗೆ ಇನ್ನೊಂದು ತೆಳು ಬಟ್ಟೆಯ ಚೀಲದಲ್ಲಿರಲಿ. ಜಿಪ್ ಬಾಯಿಬಿಟ್ಟರೂ ಚೆಲ್ಲುವುದಿಲ್ಲ. ಸುಮಾರು ಒಂದೂವರೆ ಕಿಲೋ ಬಿಳಿಜೋಳ ಬೇಕು. ದೂರದ ಪ್ರಯಾಣವಾದರೆ ಖಾಲಿ ಚೀಲ ಒಯ್ದು, ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಜೋಳ ಕೊಂಡು ತುಂಬಿಸಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದರೆ ಲೆನ್ಸ್ ಮೇಲೆ ನಿಲ್ಲದೆ ಉರುಳುತ್ತದೆ. ಸ್ವಲ್ಪ ಸಡಿಲವಿದ್ದರೆ ಕಾಳು ಸರಿದು ಲೆನ್ಸಿಗೆ ತಕ್ಕ ಗುಳಿ ಬೀಳುತ್ತದೆ. ಹಗುರವೆಂದು ಮಂಡಕ್ಕಿ ತುಂಬಿದರೆ ಮೊದಲು ಪುಟಿಯುತ್ತದೆ, ಆಮೇಲೆ ಪುಡಿಯಾಗಿ ಕುಸಿಯುತ್ತದೆ. ಮರಳಂತೂ ಬೇಡವೇ ಬೇಡ, ಹೊಲಿಗೆಯಿಂದ ಸೋರಿದ ಕಣ ಫೋಕಸ್ ರಿಂಗಿಗೆ ಸೇರುತ್ತದೆ. ಜೋಳ ನೆನೆದರೆ ಅಂದೇ ಹೊರಗೆ ಹರವಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಬಂಡೆ, ಬೈಕಿನ ಸೀಟು, ಕಾರಿನ ಕಿಟಕಿ, ಎಲ್ಲಿ ಬೇಕಾದರೂ ಚೀಲ ಕೂರುತ್ತದೆ. ಕಾರಾದರೆ ಎಂಜಿನ್ ಆಫ್ ಮಾಡಿ. ಎಡ ಅಂಗೈಯನ್ನು ಲೆನ್ಸಿನ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿ. ಹೊಸಬರು ಕೆಳಗಿನಿಂದ ಎತ್ತಿ ಹಿಡಿಯುತ್ತಾರೆ, ಆಗ ಕೈಯ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ. ಫೋಕಸ್ ಆಗುವಾಗ ರಿಂಗ್ ತಿರುಗುವ ಲೆನ್ಸಾದರೆ ಅದು ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಮೆಟ್ಟುಗಾಲು ಹಕ್ಕಿಯನ್ನು ಅದರ ಕಣ್ಣಿನ ಮಟ್ಟದಲ್ಲಿ ತೆಗೆಯಲು ಕೆಸರಲ್ಲಿ ಮಲಗಬೇಕಾದರೆ ಚೀಲದಡಿ ಅಗಲವಾದ ಪ್ಲಾಸ್ಟಿಕ್ ತಟ್ಟೆಯಿಡಿ. ಎರೆಮಣ್ಣು ಚೀಲಕ್ಕೆ ಮೆತ್ತಿಕೊಂಡರೆ ತೊಳೆಯುವುದೇ ಒಂದು ಕೆಲಸ.

ಆತುಕೊಳ್ಳಲು ಏನೂ ಇಲ್ಲದ ಬಯಲಿಗೆ ಹಗ್ಗ. ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಹೊಂದುವ, ಕಾಲಿಂಚಿನ, ಇಂಚಿಗೆ 20 ಸುತ್ತಿನ ಬೋಲ್ಟ್ ಕೇಳಿ. 6 ಎಂಎಂ ಬೋಲ್ಟ್ ಕೊಟ್ಟರೆ ತರಬೇಡಿ: ನೋಡಲು ಒಂದೇ ಥರ ಇದ್ದರೂ ಸುತ್ತು ಹೊಂದದೆ ಕ್ಯಾಮೆರಾದ ಥ್ರೆಡ್ ಕೆಡುತ್ತದೆ. ಬೋಲ್ಟ್ ಒಳಗೆ 5 ಎಂಎಂ ಮಾತ್ರ ಹೋಗುವಂತೆ ನಟ್, ಅಗಲ ವಾಷರ್ ಬಿಗಿಮಾಡಿ. ಲೆನ್ಸಿಗೆ ಕಾಲರ್ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಸುತ್ತ ಇರುವ ಪಟ್ಟಿ) ಇದ್ದರೆ ಬೋಲ್ಟನ್ನು ಅದಕ್ಕೇ ಹಾಕಿ. ವಾಷರಿನ ಕೆಳಗೆ ಹತ್ತಿ ಹಗ್ಗ ಕಟ್ಟಿ, ಎರಡೂ ತುದಿ ಒಂದೊಂದು ಪಾದದಡಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಒಂದೇ ಎಳೆಯಾದರೆ ಅಕ್ಕಪಕ್ಕದ ಓಲಾಟ ನಿಲ್ಲುವುದಿಲ್ಲ. ನೈಲಾನ್ ಹಿಗ್ಗುತ್ತದೆ, ಅದು ಬೇಡ. ಬರಿಗೈಯಲ್ಲಿ 1/500 ಸೆಕೆಂಡಿನ ಶಟರ್ ವೇಗ ಬೇಕಾದಲ್ಲಿ, ಕೂತ ಹಕ್ಕಿಗೆ, 1/250 ಧೈರ್ಯವಾಗಿ ಇಡಬಹುದು. ಹಕ್ಕಿ ತಲೆ ತಿರುಗಿಸಿದರೆ ಮಾತ್ರ ಹಗ್ಗ ಏನೂ ಮಾಡದು, ಶಟರ್ ವೇಗವೇ ಏರಬೇಕು.

ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ದೂರದ ಹಕ್ಕಿ ಕಲಕಿದಂತೆ ಬಂದರೆ ಆಧಾರದ ತಪ್ಪು ಹುಡುಕಬೇಡಿ. ಕಾದ ನೆಲದಿಂದೇಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತದೆ. ಅಂಥ ದಿನ ಸೂರ್ಯ ಮೂಡುವ ಹೊತ್ತಿಗೆ ಚೀಲ ಹಾಸಿ ಕೂತಿರಬೇಕು.