ವಿಮೆ ಇಲ್ಲದ ದಿನ ಎಷ್ಟು? ಮೊದಲು ಅದನ್ನು ಎಣಿಸಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಆದರೂ ಗೋಣಿಕೊಪ್ಪದಲ್ಲಿ ಒಂದು ಮದುವೆಗೆ ಹೋದರೆ ಸಾಕು, ಮಗಳು ಮೆಲ್ಬರ್ನ್‌ನಲ್ಲಿ, ಮಗ ಬರ್ಲಿನ್‌ನಲ್ಲಿ ಓದುತ್ತಿದ್ದಾನೆ ಅನ್ನುವವರು ನಾಲ್ಕು ಜನ ಸಿಗುತ್ತಾರೆ. ಫೀಸು, ವೀಸಾ, ಹಾಸ್ಟೆಲ್ ಎಲ್ಲ ವಿವರವಾಗಿ ಹೇಳುತ್ತಾರೆ. ಆರೋಗ್ಯ ವಿಮೆಯ ಮಾತು ಬಂದರೆ ಮಾತ್ರ "ಏಜೆಂಟ್ ಮಾಡಿಸಿದ್ದಾನೆ" ಅಂತ ಮುಗಿಸುತ್ತಾರೆ.

ನಾವೂ ಹಾಗೇ ಮುಗಿಸಿದ್ದೆವು. ಅಣ್ಣನ ಮಗಳ ಕೋರ್ಸ್ ಅಮೆರಿಕದಲ್ಲಿ ಮುಗಿದದ್ದು 2020ರ ಮೇ ತಿಂಗಳಲ್ಲಿ. ಕಾಲೇಜಿನ ವಿಮೆಯೂ ಅದರ ಜೊತೆಗೇ ಮುಗಿಯಿತು. ಭಾರತ ಮಾರ್ಚ್‌ನಲ್ಲೇ ಹೊರದೇಶದ ವಿಮಾನಗಳನ್ನು ನಿಲ್ಲಿಸಿತ್ತು. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಿಂದ ಶುರುವಾದರೂ ಅವಳಿಗೆ ಸೀಟು ಸಿಕ್ಕಿದ್ದು ಜುಲೈನಲ್ಲಿ. ನಡುವೆ ಆರು ವಾರ ವಿಮೆ ಇಲ್ಲ. ಅದರಲ್ಲಿ ನಾಲ್ಕು ದಿನ ಜ್ವರ. ಬಿಲ್ಲಿನ ಹೆದರಿಕೆಗೆ ಡಾಕ್ಟರ ಹತ್ತಿರ ಹೋಗಲಿಲ್ಲ, ನಮಗೆ ಹೇಳಲೂ ಇಲ್ಲ. ಊರಿಗೆ ಬಂದ ಮೇಲೆ ಅಕ್ಕಿ ರೊಟ್ಟಿ ತಿನ್ನುತ್ತಾ ಹೇಳಿದಳು. ಅಣ್ಣನ ತುತ್ತು ಗಂಟಲಲ್ಲೇ ನಿಂತಿತು.

ಆಮೇಲಿಂದ ಯಾರಾದರೂ "ಎಷ್ಟು ಲಕ್ಷಕ್ಕೆ ಮಾಡಿಸೋದು?" ಅಂದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ವಿಮೆ ಇಲ್ಲದ ದಿನ ಎಷ್ಟು?

ಮೊದಲ ಕೆಲಸ: ಒಂದು ಹಾಳೆ, ಒಂದು ಕೆಂಪು ಪೆನ್ನು

ವಿಮಾನ ಹತ್ತುವ ದಿನ, ವಿಮೆ ಶುರುವಾಗುವ ದಿನ, ಕೋರ್ಸ್ ಮುಗಿಯುವ ದಿನ, ವಿಮೆ ಮುಗಿಯುವ ದಿನ, ವೀಸಾ ಮುಗಿಯುವ ದಿನ, ರಜೆಗೆ ಊರಿಗೆ ಬರುವ ದಿನಗಳು. ಎಲ್ಲ ಬರೆಯಿರಿ. ವಿಮೆ ಇಲ್ಲದ ದಿನಗಳಿಗೆ ಕೆಂಪು ಗೆರೆ ಎಳೆಯಿರಿ. ಇಷ್ಟೇ.

ಎರಡನೆಯದು: ಆ ದೇಶದ ನಿಯಮ

ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಜಾಸ್ತಿ ಓದುವವರು ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರುವರಿಯಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್ ಮಾಡಿದರು. ಅರ್ಜಿ ಹಾಕುವ ದಿನ ದರವನ್ನು ಸರ್ಕಾರಿ ಸೈಟ್‌ನಲ್ಲಿ ಮತ್ತೊಮ್ಮೆ ನೋಡಿ. ಹಣ ಕಟ್ಟಿದರೆ ಮುಗಿಯಲಿಲ್ಲ. ಅಲ್ಲಿಗೆ ತಲುಪಿದ ವಾರವೇ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಡಾಕ್ಟರ ಕ್ಲಿನಿಕ್‌ನಲ್ಲಿ ಹೆಸರು ಬರೆಸಬೇಕು. ಹಲ್ಲು, ಕನ್ನಡಕದ ಖರ್ಚು ಇದರಲ್ಲಿ ಬರುವುದಿಲ್ಲ. ಊರಲ್ಲೇ ಹಲ್ಲು ತೋರಿಸಿಕೊಂಡು ಹೋಗುವುದು ಜಾಣತನ.

ಆಸ್ಟ್ರೇಲಿಯಾದಲ್ಲಿ ವೀಸಾ ಇರುವಷ್ಟು ಕಾಲಕ್ಕೂ ಓಎಸ್‌ಎಚ್‌ಸಿ ಎಂಬ ವಿದ್ಯಾರ್ಥಿ ವಿಮೆ ಕಡ್ಡಾಯ. ಅಲ್ಲಿಂದ ಹೊರಗೆ ಕಾಲಿಟ್ಟರೆ ಅದು ನಡೆಯುವುದಿಲ್ಲ.

ಜರ್ಮನಿಯಲ್ಲಿ ವಿಮೆ ತೋರಿಸದೆ ಕಾಲೇಜು ಸೇರಿಸಿಕೊಳ್ಳುವುದಿಲ್ಲ. 30 ವರ್ಷದ ಒಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ. ಆದರೆ ಅದು ಸಾಮಾನ್ಯವಾಗಿ ಸೆಮಿಸ್ಟರ್ ಶುರುವಾದ ದಿನದಿಂದ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗಿ, ಹುಡುಗ ಸೆಪ್ಟೆಂಬರ್ 14ಕ್ಕೇ ಹೋದರೆ 17 ಕೆಂಪು ದಿನ. ಅದಕ್ಕೆ ಬೇರೆ ಪ್ರಯಾಣ ವಿಮೆ ಬೇಕು.

ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ಲೆಕ್ಕ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನ, ಅದರ ಮೇಲೆ ಎರಡು ತಿಂಗಳು ಕಾಯಬೇಕು. ಆಗಸ್ಟ್ 31ಕ್ಕೆ ಇಳಿದರೆ ನವೆಂಬರ್ 1ರಿಂದ ಸರ್ಕಾರಿ ವಿಮೆ. ಸೆಪ್ಟೆಂಬರ್ 2ಕ್ಕೆ ಇಳಿದರೆ ಡಿಸೆಂಬರ್ 1. ಎರಡು ದಿನಕ್ಕೆ ಒಂದು ತಿಂಗಳು ಹೋಯಿತು. ಟಿಕೆಟ್ ಬುಕ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ.

ಅಮೆರಿಕದ್ದೇ ದೊಡ್ಡ ತಲೆನೋವು. ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಇಡೀ ದೇಶಕ್ಕೊಂದು ವಿಮೆಯ ನಿಯಮ ಇಲ್ಲ, ಆಯಾ ಕಾಲೇಜು ಹೇಳಿದ್ದೇ ನಿಯಮ. ಕೋರ್ಸ್ ಶುರುವಾಗುವ 30 ದಿನ ಮೊದಲೇ ಹೋಗಬಹುದು, ಆದರೆ ವಿಮೆ ಅಷ್ಟು ಬೇಗ ಶುರುವಾಗುತ್ತದೆ ಅಂತಿಲ್ಲ. ಇನ್ನು 'ಡಿಡಕ್ಟಿಬಲ್', ಅಂದರೆ ವಿಮೆಯವರು ಹಣ ಕೊಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ. ಬಿಲ್ಲು 5,000 ಡಾಲರ್ ಬಂತು ಅಂದುಕೊಳ್ಳಿ. ಡಿಡಕ್ಟಿಬಲ್ 500, ಉಳಿದದ್ದರಲ್ಲಿ ನಿಮ್ಮ ಪಾಲು ನೂರಕ್ಕೆ 20. ಆಗ ಕೈಯಿಂದ ಹೋಗುವುದು 500 ಮತ್ತು 900, ಒಟ್ಟು 1,400 ಡಾಲರ್. ವಿಮೆ ಇದ್ದೂ!

ಮೂರನೆಯದು: ಪಾಲಿಸಿ ಓದಿ, ಇಮೇಲ್‌ನಲ್ಲಿ ಕೇಳಿ

ಇಲ್ಲೇ ವಿದ್ಯಾರ್ಥಿ ವಿಮೆ ಕೊಳ್ಳುವುದಾದರೆ ಮೊದಲು 'ಯಾವುದಕ್ಕೆ ಹಣ ಇಲ್ಲ' ಅನ್ನುವ ಪುಟಕ್ಕೆ ಹೋಗಿ. ಸಾಂಕ್ರಾಮಿಕ ರೋಗದ ಚಿಕಿತ್ಸೆಗೆ ಹಣ ಬರುತ್ತದೆಯೇ? ಆಸ್ಪತ್ರೆ ಸೇರದೆ ಕ್ವಾರಂಟೈನ್‌ನಲ್ಲಿ ಕೂತರೆ? ಸೆಮಿಸ್ಟರ್ ಬಿಡಬೇಕಾದರೆ ಫೀಸು? ಮಗ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರೆ ಅಪ್ಪ ಅಥವಾ ಅಮ್ಮ ಹೋಗಿಬರುವ ಟಿಕೆಟ್? ಏಜೆಂಟ್ "ಎಲ್ಲಾ ಕವರ್ ಆಗ್ತದೆ ಸರ್" ಅಂದರೆ ಸುಮ್ನೆ ತಲೆ ಆಡಿಸಬೇಡಿ. ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಉಬ್ಬಸ ಇದ್ದರೆ ಮುಚ್ಚಿಡಬೇಡಿ. ಬಚ್ಚಿಟ್ಟದ್ದು ಹೊರಬೀಳುವುದು ಕ್ಲೇಮ್ ಹಾಕಿದ ದಿನವೇ.

ರಜೆಗೆ ಊರಿಗೆ ಬಂದಾಗ ಅಲ್ಲಿನ ವಿಮೆ ಇಲ್ಲಿ ನಡೆಯದಿರಬಹುದು. ಮನೆಯವರ ಪಾಲಿಸಿಯಿಂದ ಮಗುವಿನ ಹೆಸರು ತೆಗೆಸಬೇಡಿ.

ನಾಲ್ಕನೆಯದು: ಲಸಿಕೆ, ಮತ್ತು ಹೆಸರಿನ ರಗಳೆ

ಅಮೆರಿಕದ ಅನೇಕ ಕಾಲೇಜುಗಳು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಎರಡು ಡೋಸ್ ಕೇಳುತ್ತವೆ. ಚಿಕ್ಕಂದಿನ ಲಸಿಕೆ ಕಾರ್ಡ್ ಅಟ್ಟದಲ್ಲಿ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಇಲ್ಲ ಮತ್ತೆ ಹಾಕಿಸಿ. ಎರಡು ಡೋಸ್ ನಡುವೆ 28 ದಿನ ಬೇಕು, ಹಾಗಾಗಿ ಮೂರು ತಿಂಗಳ ಮೊದಲೇ ಶುರು ಮಾಡಿ. ಬ್ರಿಟನ್ನಿಗೆ ಕ್ಷಯದ ಎಕ್ಸ್‌ರೇ ಪ್ರಮಾಣಪತ್ರವೂ ಬೇಕು.

2021ರಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 12ರಿಂದ 16 ವಾರ ಇತ್ತು. ಹೊರದೇಶಕ್ಕೆ ಓದಲು, ಕೆಲಸಕ್ಕೆ, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರಿಗೆ ಮಾತ್ರ 28 ದಿನಕ್ಕೆ ಇಳಿಸಿದರು, ಸರ್ಟಿಫಿಕೇಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿಸಿ ಅಂದರು. ಆಗ ಗೊತ್ತಾಯಿತು ನಮ್ಮ ಹೆಸರುಗಳ ಅವಸ್ಥೆ. ಆಧಾರ್‌ನಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಇಲ್ಲವೇ ಇಲ್ಲ! ಲಸಿಕೆ, ವಿಮೆ ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಸಿ.

ಐದನೆಯದು: ಅಲ್ಲಿ ಇರುವ ರೀತಿ

ಚಳಿ ದೇಶದಲ್ಲಿ ಕಿಟಕಿ ಮುಚ್ಚಿಕೊಂಡು ಐದು ಜನ ಒಂದೇ ಅಡುಗೆಮನೆಯಲ್ಲಿ ಇರುತ್ತಾರೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಇನ್ನೇನು ಬೇಕು? ಚಳಿಯಾದರೂ ದಿನಕ್ಕೆ ಮೂರ್ನಾಲ್ಕು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆಯಲಿ. ಬಸ್ಸು, ತರಗತಿಗೆ ಎನ್95 ಮಾಸ್ಕ್. ಯುರೋಪಿನಲ್ಲಿ ಅಂಥದ್ದೇ ಮಾಸ್ಕ್ ಎಫ್‌ಎಫ್‌ಪಿ2 ಎಂಬ ಹೆಸರಲ್ಲಿ ಸಿಗುತ್ತದೆ. ಫ್ಲೂ ಲಸಿಕೆಯನ್ನು ಚಳಿಗಾಲಕ್ಕೆ ಮೊದಲೇ ಹಾಕಿಸಿಕೊಳ್ಳಲಿ.

ಜ್ವರ ಬಂದರೆ ಊಟ ಬಾಗಿಲಿಗೆ ತಂದಿಡುವವರು ಯಾರು ಅಂತ ರೂಮಿನವರ ಜೊತೆ ಮೊದಲ ವಾರವೇ ಮಾತಾಡಿಕೊಳ್ಳಲಿ. ಬ್ಯಾಗಿನಲ್ಲಿ ಥರ್ಮಾಮೀಟರ್, ಆಕ್ಸಿಮೀಟರ್ ಇರಲಿ. ಆಮ್ಲಜನಕ 94ಕ್ಕಿಂತ ಕೆಳಗೆ ತೋರಿಸಿದರೆ ಡಾಕ್ಟರಿಗೆ ಫೋನ್. ನಮ್ಮ ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್. ಅಲ್ಲಿ ನೆಗಡಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅದು ಸೇರಿರುತ್ತದೆ. ಅದರ ಮೇಲೆ ಊರಿನ ಡೋಲೋ ನುಂಗಿದರೆ ಡಬಲ್ ಆಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಯಕೃತ್ತಿಗೆ ಏಟು.

ಕೊನೆಯದು: ಫೋನ್ ನಂಬರ್

ತುರ್ತಿಗೆ ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಜರ್ಮನಿಯಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಬ್ರಿಟನ್ನಿನಲ್ಲಿ ತುರ್ತು ಅಲ್ಲದ್ದಕ್ಕೆ 111. ವಿಮೆಯವರ ಸಹಾಯವಾಣಿಗೆ ಆಸ್ಪತ್ರೆ ಸೇರುವ ಮೊದಲೇ ಫೋನ್ ಮಾಡಬೇಕು. ಆಗದಿದ್ದರೆ ಸೇರಿದ ಕೂಡಲೇ. ಬಿಲ್ಲಿನ ಒಂದು ಚೀಟಿಯನ್ನೂ ಬಿಸಾಡಬಾರದು.

ಪಾಲಿಸಿಯ ಪ್ರಿಂಟ್ ಮನೆಯಲ್ಲೂ ಒಂದು ಇರಲಿ. ಮನೆಯವರ ನಂಬರ್ ಕೇಳಿದಲ್ಲಿ ಎರಡು ಕೊಡಿ. ಜುಲೈ ಮಳೆಗೆ ತೋಟದ ಮರ ತಂತಿ ಮೇಲೆ ಬಿದ್ದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಲ್ಲಿಂದ ಆಸ್ಪತ್ರೆಯವರು ಯಾರಿಗೆ ಫೋನ್ ಮಾಡಬೇಕು? ನಾವು ಮೈಸೂರಿನ ಅತ್ತೆಯ ನಂಬರ್ ಕೊಟ್ಟಿದ್ದೇವೆ. ಅವರು ರಾತ್ರಿ ಎರಡು ಗಂಟೆಗೂ ಮೊದಲ ರಿಂಗಿಗೇ ಎತ್ತುತ್ತಾರೆ.