ಚಾರ್ಜ್ ಎಚ್‌ಎಂ ಆಗಿದ್ದೀರಾ? ಮೊದಲ ತಿಂಗಳು ಹೀಗೆ ಮಾಡಿ

ಸರ್ಕಾರಿ ಪ್ರಾಥಮಿಕ ಶಾಲೆ. ಇರುವವರಲ್ಲಿ ನೀವೇ ಹಿರಿಯರು ಅಂತ ಮುಖ್ಯ ಶಿಕ್ಷಕರ (ಎಚ್‌ಎಂ) ಚಾರ್ಜ್ ಕೊಟ್ಟಿದ್ದಾರೆ. ಹಿಂದೆ ಎಚ್‌ಎಂ ಅಂದರೆ ಹಾಜರಿ ಪುಸ್ತಕ, ಟಿ.ಸಿ., ಜೊತೆಗೆ ತಮ್ಮ ಪಾಠ. ಈಗ ಬಿಸಿಯೂಟ, ಹಾಲು, ಮೊಟ್ಟೆ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಯುಡೈಸ್ (ಶಾಲೆಯ ಅಂಕಿಅಂಶದ ಆನ್‌ಲೈನ್ ದಾಖಲೆ), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಎಲ್ಲವೂ ಒಬ್ಬರ ತಲೆ ಮೇಲೆ, ಅದರ ಮೇಲೆ ನಿಮ್ಮ ತರಗತಿಯೂ ಇದ್ದೇ ಇರುತ್ತದೆ.

ಮೊದಲು ಚಾರ್ಜ್ ಪಟ್ಟಿ, ಅಂದರೆ ಹಿಂದಿನವರು ನಿಮಗೆ ಒಪ್ಪಿಸುವ ಹಣ, ದಾಖಲೆ, ದಾಸ್ತಾನಿನ ಪಟ್ಟಿ. ಅವಸರದಲ್ಲಿ ಸಹಿ ಹಾಕಬೇಡಿ. ಕ್ಯಾಶ್ ಬುಕ್ಕಿನ ಬಾಕಿ ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆಯಾಗುತ್ತಾ ನೋಡಿ. ದಾಖಲಾತಿ ರಿಜಿಸ್ಟರ್ ಪುಟ ಪುಟ ತಿರುವಿ. ಸ್ಯಾಟ್ಸ್ ಪಾಸ್‌ವರ್ಡ್ ಕೇಳಿ, ಅಲ್ಲೇ ಲಾಗಿನ್ ಮಾಡಿ ನೋಡಿ. ಅಕ್ಕಿ ಮೂಟೆ ಎಣಿಸಿದರೆ ಸಾಲದು, ತೂಗಿಸಿ. ನಾನು ಬರೀ ಎಣಿಸಿದ್ದೆ, ಆಮೇಲೆ ರಿಜಿಸ್ಟರಿಗೂ ದಾಸ್ತಾನಿಗೂ ಹೊಂದದೆ ಒಂದು ವಾರ ನಿದ್ದೆ ಬರಲಿಲ್ಲ.

ಬಿಸಿಯೂಟದ ಲೆಕ್ಕ ಅವತ್ತಿನದು ಅವತ್ತೇ ಮುಗಿಸಿ. 1ರಿಂದ 5ನೇ ತರಗತಿಗೆ ಮಗುವಿಗೆ 100 ಗ್ರಾಂ ಅಕ್ಕಿ, 6ರಿಂದ 8ಕ್ಕೆ 150 ಗ್ರಾಂ. ಕಿರಿಯರು 40, ಹಿರಿಯರು 20 ಮಕ್ಕಳು ಬಂದಿದ್ದರೆ 7 ಕೆಜಿ. ಹಾಜರಿ ಕೂಗಿದ ಮೇಲೆಯೇ ಅಕ್ಕಿ ಅಳೆದು ಕೊಡಿ. ಮಕ್ಕಳಿಗೆ ಬಡಿಸುವ ಮೊದಲು ಯಾರಾದರೂ ಒಬ್ಬ ಶಿಕ್ಷಕರು ರುಚಿ ನೋಡಲೇಬೇಕು. ಅಡುಗೆ ಅಕ್ಕಂದಿರ ಜೊತೆ ದಿನಾ ಎರಡು ಮಾತಾಡಿ. ಯಾವ ಮಗು ಊಟ ಬಿಡುತ್ತಿದೆ ಅನ್ನುವುದು ನಮಗಿಂತ ಮೊದಲು ಅವರಿಗೇ ಗೊತ್ತಿರುತ್ತದೆ.

ಎಸ್‌ಡಿಎಂಸಿ ಅಧ್ಯಕ್ಷರನ್ನು ಚೆಕ್ಕಿಗೆ ಸಹಿ ಬೇಕಾದಾಗ ಮಾತ್ರ ಕರೆಯುವ ಅಭ್ಯಾಸ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಕೂಲಿಗೆ ಹೋಗುವ ತಾಯಂದಿರಿಗೆ ಬೆಳಗ್ಗೆ 11ಕ್ಕೆ ಸಭೆ ಇಟ್ಟರೆ ಹೇಗೆ ಬರುತ್ತಾರೆ, ಅಲ್ವಾ? ಅವರನ್ನೇ ಕೇಳಿ ಹೊತ್ತು ಗೊತ್ತು ಮಾಡಿ. ಖರ್ಚಿನ ಲೆಕ್ಕ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ನಡಾವಳಿಗೆ ಸಹಿ ಪಡೆಯಿರಿ.

ಆನ್‌ಲೈನ್ ಕೆಲಸ ಒಬ್ಬರೇ ಹೊರಬೇಡಿ. ಕಂಪ್ಯೂಟರ್ ಬಲ್ಲ ಸಹೋದ್ಯೋಗಿ ಇದ್ದರೆ ಕೇಳಿ, ಆದರೆ ಅವರ ಪಾಠದ ಹೊತ್ತು ಕದಿಯಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಸಿಆರ್‌ಪಿ (ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಮಾಹಿತಿ ಕೇಳಿದ ಕೂಡಲೇ ತರಗತಿ ಬಿಟ್ಟು ಓಡುವುದು ನಮ್ಮಲ್ಲಿ ಜಾಸ್ತಿ ಆಗಿದೆ. ನನಗೆ ತುಂಬಾ ಬೇಸರ ತರಿಸುವುದು ಇದೇ. ಮಕ್ಕಳ ಸಂಖ್ಯೆ, ಬ್ಯಾಂಕ್ ಖಾತೆ, ಕೊಠಡಿಗಳ ವಿವರ ಇವನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ.

ಪ್ರಾರ್ಥನೆ ಮುಗಿದ ಮೇಲಿನ ಮೊದಲ ಪೀರಿಯಡ್ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಫೋನು ಆಫೀಸಿನಲ್ಲಿರಲಿ. ನಿಮ್ಮ ತರಗತಿ ಇದ್ದರೆ ಪಾಠ ಮಾಡಿ, ಇಲ್ಲದಿದ್ದರೆ ಮೂರನೇ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಪಕ್ಕದ ಮಗುವಿಗೆ ಒಂದು ಪುಟ ಓದಿ ತೋರಿಸು ಅನ್ನಿ.