ಲೆಕ್ಕದಲ್ಲಿ 30, ಕೋಣೆಯಲ್ಲಿ 56

ಕಾಗದದ ಮೇಲೆ ನಮ್ಮ ಶಾಲೆಗೆ ಯಾವ ಕೊರತೆಯೂ ಇರಲಿಲ್ಲ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. 1ರಿಂದ 7ನೇ ತರಗತಿ, 210 ಮಕ್ಕಳು. ಮುಖ್ಯೋಪಾಧ್ಯಾಯಿನಿ ನನ್ನನ್ನು ಬಿಟ್ಟು 7 ಶಿಕ್ಷಕರು. ಭಾಗಿಸಿದರೆ ಸರಿಯಾಗಿ 30. ಶಿಕ್ಷಣ ಹಕ್ಕು ಕಾಯ್ದೆಯೂ 1ರಿಂದ 5ನೇ ತರಗತಿಗೆ ಇಷ್ಟೇ ಹೇಳುತ್ತದೆ, ಒಬ್ಬರಿಗೆ 30 ಮಕ್ಕಳು. ಇನ್ನೊಬ್ಬರನ್ನು ಕೊಡಿ ಎಂದು ಕೇಳಲು ಹೋದರೆ "ನಿಮ್ಮಲ್ಲಿ ಅನುಪಾತ ಸರಿ ಐತಲ್ರಿ ಮೇಡಂ" ಅನ್ನೋ ಉತ್ತರ ರೆಡಿ ಇರುತ್ತಿತ್ತು. ಬೇರೆ ಶಾಲೆಗೆ ಕಳಿಸುವ ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿ ನಮ್ಮವರ ಹೆಸರು ಬರದಿದ್ದರೆ ಸಾಕಪ್ಪಾ ಅಂತ ವಾಪಸ್ ಬರುತ್ತಿದ್ದೆ.

ಚಿಕ್ಕ ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಕೋಣೆಯ ಲೆಕ್ಕವೇ ಬೇರೆ. 1ರಿಂದ 3ನೇ ತರಗತಿಯ 112 ಮಕ್ಕಳು, ಎರಡು ಕೋಣೆ, ಇಬ್ಬರು ಶಿಕ್ಷಕಿಯರು. ಒಂದೊಂದರಲ್ಲಿ 56. ಉಳಿದ ಐದು ಜನ 4ರಿಂದ 7ರವರೆಗಿನ 98 ಮಕ್ಕಳಿಗೆ ವಿಷಯವಾರು ಪಾಠ ಮಾಡುತ್ತಿದ್ದರು. ಹಮಾಲಿ, ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳು ಚಿಕ್ಕ ತರಗತಿಗೇ ಜಾಸ್ತಿ ಸೇರುತ್ತಾರೆ. 6ನೇ ತರಗತಿ ಬರುವಷ್ಟರಲ್ಲಿ ಕೆಲವರು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಹೋಗುತ್ತಾರೆ, ಕೆಲವರ ಮನೆಯವರು ಊರೇ ಬಿಡುತ್ತಾರೆ. 7ನೇ ತರಗತಿಯಲ್ಲಿ 22 ಮಕ್ಕಳು ಆರಾಮಾಗಿ ಕೂತಿರುತ್ತಿದ್ದರು.

ನಲಿ-ಕಲಿಯಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ, ಅವಕ್ಕೆ ತಟ್ಟೆ ಅಂತಾರೆ. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಸ್ವಲ್ಪ ನೆರವು, ಮುಂದಿನವು ಗೆಳೆಯರ ನೆರವಿನವು, ಕೊನೆಯದು ಸ್ವಂತ ಕಲಿಕೆ. ಪದ್ಧತಿ ಚೆನ್ನಾಗಿದೆ, ನನಗೆ ಇಷ್ಟ. ಆದರೆ 56 ಮಕ್ಕಳಿದ್ದಾಗ ಟೀಚರ್ ಇರುವ ತಟ್ಟೆಗೇ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಉಳಿದ ಕಡೆ ಕಾರ್ಡಿಗೆ ಜಗಳ. 40 ನಿಮಿಷದ ಪಿರಿಯಡ್ಡನ್ನು ಅಷ್ಟು ಮಕ್ಕಳಿಗೆ ಹಂಚಿದರೆ ಒಬ್ಬರ ಪಾಲಿಗೆ 43 ಸೆಕೆಂಡೂ ಇಲ್ಲ. ಅದರಲ್ಲಿ ಹಾಜರಿ, ಮೂಗು ಒರೆಸೋದು, "ಟೀಚರ್ ಇವ ಹೊಡದಾನ್ರಿ" ಎಲ್ಲಾ ಸೇರಿದೆ.

ಹೊಸ ಹುದ್ದೆ ಬರುವುದಿಲ್ಲ ಅಂತ ಖಾತ್ರಿ ಆದ ಮೇಲೆ ವೇಳಾಪಟ್ಟಿ ಹಿಡಿದು ಕೂತೆ. ಮೇಲಿನ ನಾಲ್ಕು ತರಗತಿಗೆ ಐದು ಜನ ಅಂದರೆ ಪ್ರತಿ ಪಿರಿಯಡ್ಡಿನಲ್ಲೂ ಒಬ್ಬರು ಖಾಲಿ. ನಾನೂ ಒಂದು ತರಗತಿ ತಗೊಂಡರೆ ಇಬ್ಬರು ಸಿಗುತ್ತಾರೆ. ಆ ಇಬ್ಬರನ್ನು ಪ್ರಾರ್ಥನೆ ಮುಗಿದ ಮೇಲಿನ ಮೂರು ಪಿರಿಯಡ್ ಕೆಳಗೆ ಇಳಿಸಿದರೆ 112 ಮಕ್ಕಳಿಗೆ ನಾಲ್ಕು ಕೋಣೆ. ಒಂದೊಂದರಲ್ಲಿ 28. ದಿನವಿಡೀ ಬೇಡ, ಓದು ಮತ್ತು ಲೆಕ್ಕದ ಹೊತ್ತಿಗೆ ಸಾಕು. ಬಿಸಿಯೂಟದ ವ್ಯಾನ್ ರಾಯಾಪುರದ ಅಡುಗೆಮನೆಯಿಂದ ಬರುವಷ್ಟರಲ್ಲಿ ಮುಖ್ಯ ಕೆಲಸ ಮುಗಿದಿರುತ್ತದೆ.

ಹೇಳಿದಷ್ಟು ಸುಲಭ ಇರಲಿಲ್ಲ. "ನಾವು 6ನೇತ್ತೆ ಮ್ಯಾಲಿನವರು, ಅಆಇಈ ಕಲಸಾಕ ಬಂದಿಲ್ಲ" ಅಂತ ಒಬ್ಬರು ಮುಖಕ್ಕೇ ಹೇಳಿದರು. ಅವರ ನೇಮಕಾತಿ ಆಗಿದ್ದೇ ಮೇಲಿನ ತರಗತಿಗೆ, ಸಿಟ್ಟು ಸುಮ್ನೆ ಬಂದದ್ದಲ್ಲ. ಅವರನ್ನು ಬಿಟ್ಟು ಬೇರೆ ಇಬ್ಬರನ್ನು ಕೇಳಿದೆ. ಮನಸ್ಸಿಲ್ಲದವರನ್ನು ಒಂದನೇ ತರಗತಿಗೆ ತಳ್ಳುವುದು ಮಕ್ಕಳಿಗೂ ಶಿಕ್ಷೆ. ತಿದ್ದುವ ಪುಸ್ತಕಗಳಿಗೆ ಮಧ್ಯಾಹ್ನ ಬಿಡುವು ಮಾಡಿಕೊಟ್ಟೆ.

ಆಮೇಲೆ ಕೋಣೆಯ ಪ್ರಶ್ನೆ. ಇದ್ದದ್ದು ಆರು, ಬೇಕಾದದ್ದು ಎಂಟು. ಸ್ಟೋರ್ ರೂಮಿನ ಮುರಿದ ಬೆಂಚು ಎಸೆಯುವ ಹಾಗಿಲ್ಲ, ಶಾಲೆಯ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಅವು ಇನ್ನೂ ಜೀವಂತ! ಶಾಲಾ ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಅವನ್ನೆಲ್ಲ ಜಗಲಿಯ ಮೂಲೆಗೆ ಪೇರಿಸಿ, ಸುಣ್ಣ ಹಚ್ಚಿಸಿ, ಒಂದು ಟ್ಯೂಬ್‌ಲೈಟ್ ಹಾಕಿಸಿದರು. ಇನ್ನೊಂದು ನನ್ನ ಆಫೀಸ್. ಮುಂಜಾನೆ ನನ್ನ ಟೇಬಲ್ ಗೋಡೆಗೆ ಒತ್ತಿಕೊಂಡಿರುತ್ತದೆ, ಮಕ್ಕಳು ಚಾಪೆಯ ಮೇಲೆ.

ಮಕ್ಕಳನ್ನು ಹಂಚುವಾಗ ಪಾಲಕರು ಹೆದರಿದರು. "ನಮ್ಮ ಹುಡುಗನ್ನ ದಡ್ಡರ ಖೋಲಿಗೆ ಹಾಕೀರೇನ್ರಿ ಅಕ್ಕೋರ?" ಜಾಣರು ಒಂದು ಕಡೆ, ಹಿಂದುಳಿದವರು ಒಂದು ಕಡೆ ಮಾಡಿದರೆ ಶಿಕ್ಷಕರಿಗೇನೋ ಸುಲಭ, ಆದರೆ ಗೆಳೆಯರ ನೆರವಿನ ತಟ್ಟೆಯಲ್ಲಿ ನೆರವು ಕೊಡುವವರೇ ಇರುವುದಿಲ್ಲ. ಹಾಗಾಗಿ ಸಭೆಯಲ್ಲಿ ಎಲ್ಲರ ಎದುರೇ ಚೀಟಿ ಎತ್ತಿಸಿದೆವು. ಅಣ್ಣ-ತಂಗಿಯರನ್ನು ಮಾತ್ರ ಒಟ್ಟಿಗೆ ಬಿಟ್ಟೆವು.

ಚೀಟಿ ಎತ್ತುವುದು ನಮ್ಮ ಜಾಣತನವೇನಲ್ಲ. ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ಮಕ್ಕಳನ್ನು ಹೀಗೇ ಲಾಟರಿಯ ಹಾಗೆ ಹಂಚಿ ನೋಡಿದ್ದರು. 13ರಿಂದ 17 ಮಕ್ಕಳ ಕೋಣೆಯವರು 22ರಿಂದ 25 ಮಕ್ಕಳ ಕೋಣೆಯವರಿಗಿಂತ ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಬಡ ಮತ್ತು ಕಪ್ಪು ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಅವರ ದೊಡ್ಡ ಕೋಣೆ ನಮ್ಮ ಚಿಕ್ಕ ಕೋಣೆಗಿಂತ ಚಿಕ್ಕದು, ಅದು ಬೇರೆ ಮಾತು ಅಲ್ವಾ! ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಇಂಥ ಚಿಕ್ಕ ಕೋಣೆಗಳನ್ನು ರಾಜ್ಯಕ್ಕೆಲ್ಲ ಒಮ್ಮೆಗೇ ತಂದಾಗ ತರಬೇತಿ ಪಡೆದ ಶಿಕ್ಷಕರು ಸಾಲದೆ ಹೋದರು, ಬಡ ಓಣಿಗಳ ಶಾಲೆಗಳಿಗೇ ಹೆಚ್ಚು ಪೆಟ್ಟು ಬಿತ್ತು. ಅದಕ್ಕೇ ನಮಗೆ ಅತಿಥಿ ಶಿಕ್ಷಕರು ಸಿಕ್ಕಾಗ ಅವರನ್ನು ಮೇಲಿನ ತರಗತಿಗೆ ಹಾಕುತ್ತೇನೆ, ಪಳಗಿದವರು ಕೆಳಗೇ ಇರಲಿ ಅಂತ.

ಕೋಣೆ ಚಿಕ್ಕದಾದ ಮಾತ್ರಕ್ಕೆ ಏನೂ ಆಗುವುದಿಲ್ಲ. 56 ಮಕ್ಕಳಿಗೆ ಹೇಳಿದ್ದನ್ನೇ 28 ಮಕ್ಕಳಿಗೆ ಗಟ್ಟಿಯಾಗಿ ಹೇಳಿದರೆ ಗಂಟಲಿಗೆ ಅಷ್ಟೇ ಆರಾಮ. ನಾವು ಒಂದೇ ನಿಯಮ ಇಟ್ಟುಕೊಂಡೆವು: ದಿನಾ ಪ್ರತಿ ಮಗುವಿನ ಓದನ್ನು ಪಕ್ಕದಲ್ಲಿ ಕೂತು ಕೇಳಬೇಕು. 3ನೇ ತರಗತಿಯ ಒಬ್ಬ ಹುಡುಗಿ ಪಾಠ ಗಡಗಡ ಓದುತ್ತಿದ್ದಳು. ಪಕ್ಕ ಕೂತಾಗ ನೋಡಿದರೆ ಬೆರಳು ಮೊದಲ ಸಾಲಿನಲ್ಲಿ, ಬಾಯಿ ಮೂರನೆಯದರಲ್ಲಿ. ನಡುವಿನ ಒಂದು ಪದ ತೋರಿಸಿ ಕೇಳಿದೆ, ಗಪ್ಪಾದಳು. ಎಲ್ಲವೂ ಕೇಳಿ ಕೇಳಿ ಬಾಯಿಪಾಠ. ಮನೆಮಾತು ಉರ್ದು, ಒತ್ತಕ್ಷರ ಬಂದಲ್ಲೆಲ್ಲ ಊಹೆ. ಕಲಿಕೆಯ ಹಂತ ಗುರುತಿಸುವ ಪ್ರಗತಿ ನೋಟದ ಪಟ್ಟಿಯಲ್ಲಿ ಮಾತ್ರ ಎಲ್ಲಾ ಮೈಲಿಗಲ್ಲು ದಾಟಿದ್ದಳು. ಅವಳನ್ನು ಕಾಗುಣಿತದ ಕಾರ್ಡಿಗೆ ವಾಪಸ್ ತಂದೆವು. ದೀಪಾವಳಿ ರಜೆ ಮುಗಿದ ಮೇಲೆ ಅಂಗಡಿ ಬೋರ್ಡು ತಾನಾಗಿ ಓದಲು ಶುರು ಮಾಡಿದಳು, ತಪ್ಪೂ ಸೇರಿಸಿಕೊಂಡು.

ಈಗಲೂ ಎಲ್ಲಾ ದಿನ ನಡೆಯುವುದಿಲ್ಲ. ಮತದಾರರ ಪಟ್ಟಿ ಕೆಲಸಕ್ಕೆ ಒಬ್ಬರು ಹೋದರೆ ಎರಡು ಕೋಣೆ ಮತ್ತೆ ಒಂದಾಗುತ್ತವೆ. ನನಗೆ ಮೀಟಿಂಗ್ ಇದ್ದ ದಿನ 6 ಮತ್ತು 7ನ್ನು ಕೂಡಿಸುತ್ತೇವೆ, 45 ಮಕ್ಕಳು. ಸಭೆಗಳನ್ನು ಮುಂಜಾನೆ ಬದಲು ಮಧ್ಯಾಹ್ನ ಮೂರರ ಮೇಲೆ ಇಡಿ ಎಂದು ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರನ್ನು ಕೇಳಿದ್ದೇನೆ. ಕೆಲವು ಸಲ ಇಡುತ್ತಾರೆ.